ಏಳೇ ಮಕ್ಕಳಿರುವ ಶಾಲೆ ಮುಚ್ಚಿದರೆ ಊರಿಗೆ ಏನು ನಷ್ಟ?

ಪ್ರಶ್ನೆ: ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ಇರುವುದು ಏಳೇ ಮಕ್ಕಳು. ಎರಡು ಕಿಲೋಮೀಟರ್ ಆಚೆ ದೊಡ್ಡ ಶಾಲೆ ಇದೆ. ಅಲ್ಲಿಗೆ ಸೇರಿಸುತ್ತಾರೆ ಅಂತ ಗೊತ್ತಾದ ಕೂಡಲೇ ಊರವರು ಹೋರಾಟಕ್ಕೆ ಇಳಿದಿದ್ದಾರೆ. ಆದರೆ ಅವರಲ್ಲಿ ಎಷ್ಟೋ ಜನರ ಮಕ್ಕಳು ಹೋಗುವುದು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ. ತಮ್ಮ ಮಕ್ಕಳನ್ನೇ ಕಳಿಸದ ಶಾಲೆ ಉಳಿಯಬೇಕು ಅನ್ನುವುದು ಯಾವ ನ್ಯಾಯ?

ಉತ್ತರ: ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಹೋರಾಟಕ್ಕೆ ಬಂದವರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಶಾಲೆಯಲ್ಲಿ ಉಳಿದಿರುವ ಆ ಏಳು ಮಕ್ಕಳು ಯಾರ ಮನೆಯವರು ಅಂತ ನೋಡಿ. ಹೆಚ್ಚಿನ ಊರುಗಳಲ್ಲಿ ಅವರು ಕೂಲಿ ಮಾಡುವವರ, ತೋಟದ ಲೈನ್‌ ಮನೆಗಳಲ್ಲಿ ಇರುವವರ, ಕೇರಿಯ, ತಾಂಡಾದ ಮಕ್ಕಳು. ವ್ಯಾನಿನ ಬಾಡಿಗೆಯನ್ನೂ ಫೀಸನ್ನೂ ಕಟ್ಟುವ ಶಕ್ತಿ ಇದ್ದವರು ಆಗಲೇ ಹೋಗಿಯಾಗಿದೆ. ಹೋದವರ ಲೆಕ್ಕ ಹಿಡಿದು ಶಾಲೆ ಮುಚ್ಚುತ್ತಾರೆ, ಅದರ ಪೆಟ್ಟು ಬೀಳುವುದು ಉಳಿದವರಿಗೆ. ನನ್ನ ಮಟ್ಟಿಗೆ ಇಡೀ ವಿರೋಧದ ತಿರುಳು ಇದೇ.

ಕಾನೂನು ಏನು ಹೇಳುತ್ತದೆ? ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದರ ಅಡಿಯಲ್ಲಿ ಮಾಡಿದ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಯ ಮಗುವಿಗೆ 1 ಕಿಲೋಮೀಟರ್ ಒಳಗೆ, 6ರಿಂದ 8ನೇ ತರಗತಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಅಂದರೆ ನಿಮ್ಮೂರಿನ ಎರಡು ಕಿಲೋಮೀಟರ್ ಸಣ್ಣ ವಿಷಯ ಅಲ್ಲ. ಆರು ವರ್ಷದ ಮಗು ಹೋಗಿ ಬರುವಾಗ ಅದು ನಾಲ್ಕಾಗುತ್ತದೆ.

ಅದೂ ನಕ್ಷೆಯ ಮೇಲಿನ ದೂರ. ಮಲೆನಾಡಿನಲ್ಲೋ ಕುಂದಾಪುರ, ಬೈಂದೂರಿನ ಕಡೆಯೋ ಜೂನ್ ತಿಂಗಳಲ್ಲಿ ಒಮ್ಮೆ ನಡೆದು ನೋಡಿ. ಮನೆಯಿಂದ ಗದ್ದೆಯ ಅಂಚು, ಅಲ್ಲಿಂದ ಹಳ್ಳ, ಹಳ್ಳಕ್ಕೆ ಅಡಿಕೆ ಮರ ಅಡ್ಡ ಹಾಕಿ ಕಟ್ಟಿದ ಕಾಲುಸಂಕ. ಮಳೆಗೆ ಪಾಚಿ ಹಿಡಿದ ಮರ. ಒಂದು ಕೈಯಲ್ಲಿ ಕೊಡೆ, ಬೆನ್ನಿಗೆ ಚೀಲ, ಇನ್ನೊಂದು ಕೈಗೆ ಹಿಡಿದುಕೊಳ್ಳಲು ಒಂದು ಬಿದಿರಿನ ಗಳ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಇಂಥದ್ದೇ ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಹತ್ತಿರದ ಶಾಲೆಗೆ ಸೇರಿಸುತ್ತೇವೆ ಅನ್ನುವವರು ಮೊದಲು ಆ ದಾರಿಯಲ್ಲಿ ಮಳೆಗಾಲದಲ್ಲಿ ನಡೆಯಲಿ. ಬಯಲುಸೀಮೆಯಲ್ಲಿ ಹಳ್ಳ ಇರಲಿಕ್ಕಿಲ್ಲ, ಲಾರಿ ಓಡಾಡುವ ಹೆದ್ದಾರಿ ಇರುತ್ತದೆ. ದಾರಿ ಕಷ್ಟವಾದ ಕಡೆ ಮೊದಲು ಮನೆಯಲ್ಲಿ ಉಳಿಯುವವಳು ಹುಡುಗಿ. ತಮ್ಮನನ್ನು ನೋಡಿಕೊಳ್ಳಲು ಹೇಗೂ ಯಾರಾದರೂ ಬೇಕು ಅಲ್ವಾ?

ಇನ್ನು ಮಕ್ಕಳು ಕಡಿಮೆ ಆದದ್ದು ಹೇಗೆ ಅನ್ನುವ ವಿಷಯ. ಜನ ಸುಮ್ನೆ ಇಂಗ್ಲಿಷ್ ವ್ಯಾಮೋಹ ಅಂದುಬಿಡುತ್ತಾರೆ. ಅದೂ ಇದೆ, ಆದರೆ ಅಷ್ಟೇ ಅಲ್ಲ. ಖಾಸಗಿ ಶಾಲೆ ಮಗುವನ್ನು ಮೂರೂವರೆ, ನಾಲ್ಕು ವರ್ಷಕ್ಕೇ ಎಲ್‌ಕೆಜಿಗೆ ಕರೆದುಕೊಳ್ಳುತ್ತದೆ. ಊರಿನ ಸಣ್ಣ ಶಾಲೆ ಬಾಗಿಲು ತೆರೆಯುವುದು 1ನೇ ತರಗತಿಗೆ. ಅಷ್ಟು ಹೊತ್ತಿಗೆ ಆ ಮಗುವಿಗೆ ವ್ಯಾನು, ಗೆಳೆಯರು, ಮಿಸ್ಸು ಎಲ್ಲ ರೂಢಿಯಾಗಿರುತ್ತದೆ.

ಎರಡನೆಯದು ಶಿಕ್ಷಕರ ಲೆಕ್ಕ. ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ 2 ಶಿಕ್ಷಕರು ಬೇಕು. ಆದರೆ ರಾಜ್ಯದಲ್ಲಿ ಏಕೋಪಾಧ್ಯಾಯ ಶಾಲೆಗಳು ಸಾವಿರಾರು ಇವೆ. ಮಕ್ಕಳು ನಾಲ್ಕು ಕಡಿಮೆಯಾದರೆ ಒಬ್ಬ ಶಿಕ್ಷಕರನ್ನು 'ಹೆಚ್ಚುವರಿ' ಅಂತ ಗುರುತಿಸಿ ಬೇರೆ ಕಡೆ ಹಾಕುತ್ತಾರೆ. ಉಳಿದ ಒಬ್ಬರೇ ಐದು ತರಗತಿಗೆ ಪಾಠ ಮಾಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಕೇಳಿದ ಮಾಹಿತಿ ಕಳಿಸಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆಗೂ ಹೋಗಬೇಕು. ಅವರು ಸಭೆಗೆ ಹೋದ ದಿನ ಶಾಲೆಗೆ ಯಾರು? ಇದನ್ನು ಕಂಡ ಇನ್ನಿಬ್ಬರು ಅಪ್ಪ ಅಮ್ಮ ಟಿಸಿ ತೆಗೆದುಕೊಂಡು ಹೋಗುತ್ತಾರೆ. ಮುಂದಿನ ವರ್ಷ ಏಳು ಮಕ್ಕಳು ಐದಾಗುತ್ತಾರೆ. ಇದನ್ನು ಜನ ಬೇಡವೆಂದ ಶಾಲೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟು ಕಡಿಮೆ ಮಕ್ಕಳಿಗೆ, ಅದೂ ಬೇರೆ ಬೇರೆ ತರಗತಿಯವರಿಗೆ ಒಟ್ಟಿಗೆ ಕಲಿಸಲು ಆಗುವುದಿಲ್ಲ ಅನ್ನುವ ವಾದವೂ ಇದೆ. ಇದಕ್ಕೆ ಉತ್ತರ ಕೊಟ್ಟದ್ದು ಕರ್ನಾಟಕವೇ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಅನ್ನುವ ಕಲಿಕಾ ಪದ್ಧತಿ, 2009–10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅಲ್ಲಿ 1, 2, 3ನೇ ತರಗತಿಯವರು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಮಗು ಕಲಿಕಾ ಏಣಿಯಲ್ಲಿ, ಅಂದರೆ ಪಾಠದ ಹಂತಗಳನ್ನು ತೋರಿಸುವ ಪಟದಲ್ಲಿ, ತಾನು ಎಲ್ಲಿದ್ದೇನೆ ಅಂತ ಚಿತ್ರ ನೋಡಿ ಪತ್ತೆ ಮಾಡಿ, ತನ್ನ ಕಾರ್ಡ್ ತಾನೇ ತೆಗೆದುಕೊಂಡು, ತನ್ನ ಗುಂಪು ಹುಡುಕಿ ಹೋಗುತ್ತದೆ. ಗೋಡೆಯ ಕೆಳಭಾಗದಲ್ಲಿ ಕೈಗೆಟಕುವಷ್ಟೇ ಎತ್ತರದಲ್ಲಿ ಅದಕ್ಕೊಂದು ಕಪ್ಪುಹಲಗೆ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಹದಿನೈದು ಮಕ್ಕಳಿಗೆ ಇಬ್ಬರು ಒಳ್ಳೆಯ ಶಿಕ್ಷಕರಿದ್ದರೆ ಇದಕ್ಕಿಂತ ಚೆಂದದ ತರಗತಿ ಇಲ್ಲ.

ಈ ಜಗಳ ಹೊಸದೇನಲ್ಲ. 2011–12ರ ಸುಮಾರಿಗೆ, ವಿಶ್ವೇಶ್ವರ ಹೆಗಡೆ ಕಾಗೇರಿ ಶಿಕ್ಷಣ ಸಚಿವರಾಗಿದ್ದಾಗ, ಬೆರಳೆಣಿಕೆಯ ಮಕ್ಕಳಿರುವ ಶಾಲೆಗಳ ಮೇಲೆ ಕಣ್ಣು ಬಿತ್ತು. 2018ರ ಜುಲೈ ಬಜೆಟ್‌ನಲ್ಲಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ 28,847 ಶಾಲೆಗಳನ್ನು ಸಮೀಪದ 8,530 ಶಾಲೆಗಳ ಜೊತೆ ವಿಲೀನ ಮಾಡುವ ಮಾತಾಡಿದರು. ಸಾಹಿತಿಗಳು, ಕನ್ನಡ ಸಂಘಟನೆಗಳು ತಿರುಗಿಬಿದ್ದವು. 2025ರಲ್ಲಿ, ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಕಡೆ ಕಲಿಸುವ ಸರ್ಕಾರಿ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಮ್ಯಾಗ್ನೆಟ್ ಶಾಲೆ ಮಾಡಿ ಸುತ್ತಲಿನ ಮಕ್ಕಳನ್ನು ಅಲ್ಲಿಗೆ ಸೆಳೆಯುವ ಯೋಜನೆಗೂ ವಿದ್ಯಾರ್ಥಿ ಸಂಘಟನೆಗಳಿಂದ ವಿರೋಧ ಬಂತು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಅಂತ ಸರ್ಕಾರ ಹೇಳಿತು. ಮೂರೂ ಬಾರಿ ಅಧಿಕಾರದಲ್ಲಿ ಇದ್ದವರು ಬೇರೆ ಬೇರೆ. ಹಾಗಾಗಿ ಇದನ್ನು ಒಂದು ಪಕ್ಷದ ತಲೆಗೆ ಕಟ್ಟಿ ಆರಾಮಾಗಿ ಇರುವ ಹಾಗಿಲ್ಲ.

ಹಾಗಂತ ಪ್ರತಿ ಶಾಲೆಯನ್ನೂ ಹೇಗಾದರೂ ಉಳಿಸಲೇಬೇಕು ಅಂತ ನಾನು ಹೇಳುವುದಿಲ್ಲ. ಇಬ್ಬರೇ ಮಕ್ಕಳಿದ್ದರೆ ಖೋ-ಖೋ ಆಡಲೂ ಜೊತೆ ಇರುವುದಿಲ್ಲ. ಅದು ಮಗುವಿಗೂ ಬೇಸರ. ಆ ಮಕ್ಕಳ ಅಪ್ಪ ಅಮ್ಮ ತಾವಾಗಿ ಒಪ್ಪಿದರೆ, ಮನೆ ಬಾಗಿಲಿಗೆ ವಾಹನ ಬಂದರೆ, ಅದರಲ್ಲಿ ಒಬ್ಬರು ಆಯಾ ಇದ್ದರೆ, ಅಡುಗೆ ಮಾಡುತ್ತಿದ್ದ ಅಕ್ಕನಿಗೆ ಹೊಸ ಶಾಲೆಯಲ್ಲಿ ಕೆಲಸ ಸಿಕ್ಕರೆ ಸೇರಿಸಬಹುದು. ಆದರೆ ಮೊದಲು ವಾಹನ ಓಡಲಿ. ಒಂದು ಮಳೆಗಾಲ ಸರಿಯಾಗಿ ಓಡಿದ ಮೇಲೆ ಬೀಗದ ಮಾತು ಬರಲಿ.

ಈಗ ನೀವು ಕೇಳಿದ ನ್ಯಾಯದ ವಿಷಯ. ಪೇಟೆ ಶಾಲೆಗೆ ಮಕ್ಕಳನ್ನು ಕಳಿಸುವವರೂ ಹೋರಾಟಕ್ಕೆ ಬರಲಿ, ತಪ್ಪಿಲ್ಲ. ಎಷ್ಟೋ ಕಡೆ ಶಾಲೆಯ ಜಾಗ ಅವರ ಅಜ್ಜನೇ ದಾನ ಕೊಟ್ಟದ್ದು. ಆದರೆ ಬ್ಯಾನರ್ ಹಿಡಿದು ನಿಂತರೆ ಸಾಲದು. ಬಂಟ್ವಾಳ ತಾಲೂಕಿನ ದಡ್ಡಲಕಾಡಿನ ಸರ್ಕಾರಿ ಶಾಲೆ ಮುಚ್ಚುವ ಹಂತಕ್ಕೆ ಬಂದಿತ್ತು. ಊರಿನ ಯುವಕರ ಸಂಘ ಕೈಹಾಕಿ ಕಟ್ಟಡ ಕಟ್ಟಿಸಿತು, ಬಸ್ಸು ತಂದಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ನೂರಾರು ಮಕ್ಕಳಾದರು. ಎಲ್ಲ ಊರಿಗೂ ಅಷ್ಟು ದುಡ್ಡು ಇರುವುದಿಲ್ಲ. ಅಂಗನವಾಡಿಯ ಪಕ್ಕದಲ್ಲೇ ಎಲ್‌ಕೆಜಿ ಶುರು ಮಾಡಿ ಒಬ್ಬ ಗೌರವ ಶಿಕ್ಷಕಿಗೆ ಊರಿಂದ ಸಂಬಳ ಒಟ್ಟು ಮಾಡುವುದು ಸಣ್ಣ ಊರಿಗೂ ಸಾಧ್ಯ.

ಹೋರಾಟ ಕಾಗದದ ಮೇಲೂ ನಡೆಯಬೇಕು. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹೆಚ್ಚಿನವರು ಪೋಷಕರೇ. ಸಭೆ ಕರೆದು, ವಿಲೀನ ಬೇಡ, ಎರಡನೇ ಶಿಕ್ಷಕರು ಬೇಕು ಅಂತ ನಡಾವಳಿಯಲ್ಲಿ ಬರೆಸಿ. ಗ್ರಾಮಸಭೆಯಲ್ಲಿ ಅದನ್ನೇ ಠರಾವು ಮಾಡಿಸಿ. ಮನೆಯಿಂದ ಹೊಸ ಶಾಲೆಗೆ ನಡೆಯುವ ದಾರಿಯನ್ನು ಅಳೆದು, ಹಳ್ಳ, ಹೆದ್ದಾರಿಯ ಫೋಟೋ ಸೇರಿಸಿ ಬಿಇಒಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನ ಆದೇಶ ಬಂದರೆ ಲಿಖಿತ ಪ್ರತಿ ಕೇಳಿ. ಮುಖ್ಯವಾಗಿ, ವಾಹನದ ಬಗ್ಗೆ ಬರಹದಲ್ಲಿ ಭರವಸೆ ಸಿಗುವ ಮೊದಲೇ ಆ ಏಳು ಮನೆಯವರು ಟಿಸಿ ಅರ್ಜಿಗೆ ಸಹಿ ಹಾಕದಿರಲಿ. ಏಳೂ ಟಿಸಿ ಹೋದರೆ ದಾಖಲಾತಿ ಸೊನ್ನೆಯಾಗುತ್ತದೆ. ಆಮೇಲೆ ಬಾಗಿಲು ತೆರೆಸಲು ಮತ್ತೆ ಮಕ್ಕಳನ್ನು ಹುಡುಕಿ ಕರೆತರಬೇಕಾಗುತ್ತದೆ.