ವಿಶ್ವವಿದ್ಯಾಲಯದ ಐಟಿ ಸೇವೆಗಳನ್ನು ಹೊಸದು ಮಾಡುವಾಗ ಮೊದಲು ಮುಟ್ಟಬೇಕಾದ್ದು ಯಾವುದು?

ಪುಸ್ತಕದಲ್ಲಿ ಈ ಪ್ರಶ್ನೆಯ ಕುರಿತ ಅಧ್ಯಾಯ ಓದಿ ಮುಗಿಸಿದ್ದು ನಿನ್ನೆ ರಾತ್ರಿಯಷ್ಟೇ. ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ಸರ್ವರ್, ಕ್ಲೌಡ್, ಡೇಟಾಬೇಸ್ ಅಂದ್ರೆ ಏನು ಅನ್ನೋದನ್ನು ಇಲ್ಲಿ ವಿವರಿಸಿಲ್ಲ, ಅಷ್ಟು ನಿಮಗೂ ಗೊತ್ತಿರುತ್ತದೆ. ಮೂರು ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಪ್ರಶ್ನೆ. ಎಲ್ಲ ಸೇವೆಗಳೂ ಒಂದರ ಮೇಲೊಂದು ನಿಂತಿವೆ. ಹಾಗಿದ್ದಾಗ ತೀರಾ ಕೆಳಗಿರುವುದನ್ನು ಮೊದಲು ಬದಲಿಸಬೇಕಾ, ಕೊನೆಗೆ ಬದಲಿಸಬೇಕಾ? ಈ ಟಿಪ್ಪಣಿಯ ದೊಡ್ಡ ಪಾಲು ಅದಕ್ಕೇ ಹೋಗಿದೆ.

ಪಟ್ಟಿ ಯಂತ್ರಗಳದ್ದಲ್ಲ, ಸೇವೆಗಳದ್ದು

ಯೋಜನೆ ಅಂದ ತಕ್ಷಣ ಎಷ್ಟು ಸರ್ವರ್ ಇವೆ, ಎಷ್ಟು ಹಳೆಯವು ಅಂತ ಎಣಿಸಲು ಕೂರುತ್ತೇವೆ. ಅದು ಬೇಕು, ಆದರೆ ಮೊದಲಲ್ಲ. ಮೊದಲು ಬರೆಯಬೇಕಾದ್ದು ಸೇವೆಗಳ ಪಟ್ಟಿ. ಬಳಸುವವರು ಬಾಯಿಬಿಟ್ಟು ಕೇಳುವಂಥದ್ದು ಸೇವೆ. ‘ಫಲಿತಾಂಶ ನೋಡಬೇಕು’, ‘ವೈಫೈ ಸಿಗಬೇಕು’, ‘ಅಸೈನ್‌ಮೆಂಟ್ ಅಪ್‌ಲೋಡ್ ಮಾಡಬೇಕು’ ಅಂತ ಕೇಳುತ್ತಾರಲ್ಲ, ಅವು. 1980ರ ದಶಕದಲ್ಲಿ ಬ್ರಿಟನ್ ಸರ್ಕಾರದ ಒಂದು ಸಂಸ್ಥೆಯಲ್ಲಿ ಶುರುವಾಗಿ 2019ರಲ್ಲಿ ನಾಲ್ಕನೇ ಆವೃತ್ತಿಗೆ ಬಂದ, ಐಟಿ ಕೆಲಸವನ್ನು ನಡೆಸುವ ಬಗೆ ಹೇಳುವ ಐಟಿಲ್ ಪದ್ಧತಿ ಯಂತ್ರವನ್ನಲ್ಲ, ಸೇವೆಯನ್ನೇ ನಡುವೆ ಇಟ್ಟುಕೊಂಡಿದೆ.

ಪ್ರತಿ ಸೇವೆಯ ಮುಂದೆ ನಾಲ್ಕು ವಿಷಯ ಬರೆಯಿರಿ. ಇದರ ಹೊಣೆ ಯಾರದು, ಯಾರು ಬಳಸುತ್ತಾರೆ, ವರ್ಷದಲ್ಲಿ ಯಾವ ದಿನಗಳಲ್ಲಿ ಇದು ನಿಲ್ಲಲೇಬಾರದು, ಇದು ಯಾವುದನ್ನು ನೆಚ್ಚಿಕೊಂಡಿದೆ. ಹೊಣೆಯ ಕಾಲಂನಲ್ಲಿ ಎಲ್ಲದಕ್ಕೂ ‘ಐಟಿ ವಿಭಾಗ’ ಅಂತ ಬರೆದರೆ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಫಲಿತಾಂಶದ ಹೊಣೆ ಪರೀಕ್ಷಾ ವಿಭಾಗದ್ದು. ಅದು ಯಾವಾಗ ಎಷ್ಟು ಹೊತ್ತು ನಿಂತರೆ ಸಹಿಸಬಹುದು ಅಂತ ಹೇಳಬೇಕಾದವರು ಅವರು, ಯಂತ್ರ ನೋಡಿಕೊಳ್ಳುವವರಲ್ಲ.

ಯಂತ್ರಗಳ ಪಟ್ಟಿಯಲ್ಲಿ ನಿಜವಾಗಿ ಬೇಕಾದ ಕಾಲಂ ಒಂದೇ: ತಯಾರಕರ ಬೆಂಬಲ ಮುಗಿಯುವ ದಿನ. ವಿಂಡೋಸ್ ಸರ್ವರ್ 2012ಕ್ಕೆ ಹೆಚ್ಚುವರಿ ಹಣ ಕೊಡದೆ ಸಿಗುವ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ಸೆಂಟ್‌ಒಎಸ್ 7 ಅನ್ನುವ ಲಿನಕ್ಸ್ ವ್ಯವಸ್ಥೆಗೆ 2024ರ ಜೂನ್ 30. ಈ ದಿನ ದಾಟಿದರೆ ಭದ್ರತೆಯ ತೇಪೆಗಳು ಬರುವುದು ನಿಲ್ಲುತ್ತದೆ. ಹಾಗಂತ ಆ ದಿನವನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಸೆಂಟ್‌ಒಎಸ್ 8 2029ರ ತನಕ ಇರುತ್ತದೆ ಅಂತ ಲೆಕ್ಕ ಹಾಕಿದ್ದವರಿಗೆ ಅದು 2021ರ ಕೊನೆಗೇ ಮುಗಿದುಹೋಯಿತು. ಆ ಕಾಲಂ ಅನ್ನು ಪ್ರತಿ ವರ್ಷ ಮತ್ತೆ ನೋಡಬೇಕು.

ಬಾಣ ಯಾವ ಕಡೆಗೆ?

ಫಲಿತಾಂಶದ ದಿನ ಒಬ್ಬ ವಿದ್ಯಾರ್ಥಿ ಬೆಳಿಗ್ಗೆ ಫೋನಿನಲ್ಲಿ ಪುಟ ತೆರೆಯುತ್ತಾಳೆ ಅಂದುಕೊಳ್ಳಿ. ಫೋನು ಮೊದಲು ಡಿಎನ್‌ಎಸ್ ಅನ್ನು ಕೇಳುತ್ತದೆ, ಈ ಹೆಸರಿನ ವಿಳಾಸ ಯಾವುದು ಅಂತ. ವಿಳಾಸ ಸಿಕ್ಕ ಮೇಲೆ ಕೋರಿಕೆ ಕ್ಯಾಂಪಸ್ ನೆಟ್‌ವರ್ಕಿಗೆ ಬರುತ್ತದೆ. ಅಲ್ಲಿಂದ ಲಾಗಿನ್ ಪುಟ. ಅವಳು ಹೆಸರು, ಪಾಸ್‌ವರ್ಡ್ ಹಾಕುತ್ತಾಳೆ. ಲಾಗಿನ್ ಪುಟ ತಾನೇ ಏನನ್ನೂ ತೀರ್ಮಾನಿಸುವುದಿಲ್ಲ, ಹಿಂದಿರುವ ಡೈರೆಕ್ಟರಿಯನ್ನು, ಅಂದರೆ ಎಲ್ಲರ ಖಾತೆಗಳ ಪಟ್ಟಿಯನ್ನು, ಕೇಳುತ್ತದೆ. ಡೈರೆಕ್ಟರಿ ಹೂಂ ಅಂದ ಮೇಲೆ ಫಲಿತಾಂಶದ ಆ್ಯಪ್ ತೆರೆಯುತ್ತದೆ. ಅದು ಡೇಟಾಬೇಸಿನಿಂದ ಅವಳ ಸಾಲನ್ನು ತರುತ್ತದೆ. ಅವಳಿಗೆ ಕಂಡಿದ್ದು ಒಂದು ಪುಟ. ಹಿಂದೆ ದುಡಿದಿದ್ದು ಆರು.

ಇದನ್ನು ಹಾಳೆಯ ಮೇಲೆ ಬಾಣ ಹಾಕಿ ಬಿಡಿಸಬೇಕು. ಇಲ್ಲಿ ನಾನು ಎರಡು ಸಲ ತಪ್ಪಿದೆ. ಕೋರಿಕೆ ಹರಿಯುವ ದಾರಿಯಲ್ಲೇ ಬಾಣ ಹಾಕಿದೆ: ಡಿಎನ್‌ಎಸ್‌ನಿಂದ ನೆಟ್‌ವರ್ಕಿಗೆ, ಅಲ್ಲಿಂದ ಲಾಗಿನ್ನಿಗೆ, ಹೀಗೆ. ಆದರೆ ನಮಗೆ ಬೇಕಾದ್ದು ಯಾವುದು ಯಾರ ಮೇಲೆ ಒರಗಿದೆ ಅನ್ನೋದು, ಏನು ಎಲ್ಲಿಗೆ ಹರಿಯುತ್ತದೆ ಅನ್ನೋದಲ್ಲ. ಪರೀಕ್ಷಿಸಿ ನೋಡಲು ಒಂದು ವಾಕ್ಯ ಇದೆ: ‘ಆ ಇನ್ನೊಂದು ನಿಂತರೆ ಇದು ನಿಲ್ಲುತ್ತದಾ?’ ಹೌದು ಅಂದರೆ ಇದರಿಂದ ಅದಕ್ಕೆ ಬಾಣ. ಲಾಗಿನ್ ನಿಂತರೆ ಫಲಿತಾಂಶ ನಿಲ್ಲುತ್ತದೆ, ಹಾಗಾಗಿ ಫಲಿತಾಂಶದಿಂದ ಲಾಗಿನ್ನಿಗೆ ಬಾಣ. ಫಲಿತಾಂಶ ನಿಂತರೆ ಲಾಗಿನ್ ನಿಲ್ಲುವುದಿಲ್ಲ, ಆ ಕಡೆಯಿಂದ ಬಾಣ ಇಲ್ಲ. ಎಲ್ಲ ಸೇವೆಗಳಿಗೂ ಹೀಗೆ ಬಿಡಿಸಿದ ಮೇಲೆ ಅತಿ ಹೆಚ್ಚು ಬಾಣ ಬಂದು ಚುಚ್ಚುವ ಜಾಗ ಯಾವುದು ಅಂತ ನೋಡಿ. ನೆಟ್‌ವರ್ಕ್ ಮತ್ತು ಡಿಎನ್‌ಎಸ್ ಬಿಟ್ಟರೆ ಅದು ಗುರುತಿನ ಸೇವೆ. ಡೈರೆಕ್ಟರಿ, ಲಾಗಿನ್, ಯಾರಿಗೆ ಏನು ಸಿಗಬೇಕು ಅನ್ನುವ ಕಡತ, ಎಲ್ಲ ಸೇರಿ ಒಂದು.

ಇದು ಹೊಸ ಸಂಗತಿಯೇನಲ್ಲ. 1983ರಲ್ಲಿ ಎಂಐಟಿ ಅಥೀನಾ ಅನ್ನುವ ಯೋಜನೆ ಶುರು ಮಾಡಿತು. ವಿದ್ಯಾರ್ಥಿ ಕ್ಯಾಂಪಸ್ಸಿನ ಯಾವ ಕಂಪ್ಯೂಟರ್ ಮುಂದೆ ಕೂತರೂ ಅವನ ಕಡತಗಳೇ ಸಿಗಬೇಕು ಅನ್ನುವುದು ಆಸೆ. ಹಾಗಾದರೆ ಕೂತವರು ಯಾರು ಅಂತ ನೆಟ್‌ವರ್ಕಿನಾಚೆಯಿಂದಲೇ ಖಾತ್ರಿ ಆಗಬೇಕಲ್ವಾ? ಅದಕ್ಕಾಗಿ ಹುಟ್ಟಿದ್ದು ಕರ್ಬೆರೋಸ್. ವಿಂಡೋಸ್‌ನ ಆ್ಯಕ್ಟಿವ್ ಡೈರೆಕ್ಟರಿಯೊಳಗೆ ಅದು ಇವತ್ತಿಗೂ ಕೆಲಸ ಮಾಡುತ್ತಿದೆ. ಎಡುರೋಮ್ ಕೂಡ ಗುರುತಿನ ಸೇವೆಯ ಮೇಲೇ ನಿಂತಿದೆ. 2003ರ ಹೊತ್ತಿಗೆ ಯುರೋಪಿನಲ್ಲಿ ಶುರುವಾದ ಈ ವೈಫೈ ಏರ್ಪಾಟಿನಲ್ಲಿ ನೀವು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೂ ಪಾಸ್‌ವರ್ಡ್ ಪರಿಶೀಲಿಸುವುದು ನಿಮ್ಮದೇ ವಿಶ್ವವಿದ್ಯಾಲಯ. ಹೋದ ಜಾಗದವರು ಕೋರಿಕೆಯನ್ನು ದಾಟಿಸುತ್ತಾರೆ, ಅಷ್ಟೇ.

ಕೆಳಗಿನದು ಮೊದಲಾ, ಕೊನೆಗಾ?

ನನ್ನ ಮೂರು ದಿನ ಹೋಗಿದ್ದು ಇಲ್ಲೇ. ಗುರುತಿನ ಸೇವೆ ಕೆಳಗಿದೆ, ಎಲ್ಲರೂ ಅದರ ಮೇಲೆ ಒರಗಿದ್ದಾರೆ. ಒಂದು ವಾದ: ಅದನ್ನು ಕೊನೆಗೆ ಮುಟ್ಟಬೇಕು. ಅದು ಅಲುಗಾಡಿದರೆ ಎಲ್ಲವೂ ಬೀಳುತ್ತದೆ. ಇನ್ನೊಂದು ವಾದ: ಅದನ್ನೇ ಮೊದಲು ಮುಟ್ಟಬೇಕು. ಹೊಸ ಕಲಿಕಾ ತಾಣ, ಹೊಸ ಗ್ರಂಥಾಲಯ ವ್ಯವಸ್ಥೆ ಎಲ್ಲವನ್ನೂ ಹಳೇ ಲಾಗಿನ್ನಿಗೆ ಜೋಡಿಸಿಬಿಟ್ಟರೆ ನಾಳೆ ಲಾಗಿನ್ ಬದಲಿಸುವಾಗ ಎಲ್ಲದರ ಜೋಡಣೆಯನ್ನೂ ಬಿಚ್ಚಿ ಮತ್ತೆ ಕಟ್ಟಬೇಕು. ಎರಡೂ ವಾದ ಸರಿ. ಅದಕ್ಕೇ ತಲೆ ಕೆಡುತ್ತದೆ.

ಗಂಟು ಎಲ್ಲಿದೆ ಅಂದರೆ, ‘ಬದಲಿಸುವುದು’ ಅನ್ನುವ ಪದದೊಳಗೆ ಎರಡು ಕೆಲಸ ಅಡಗಿವೆ. ಹೊಸದನ್ನು ಕಟ್ಟುವುದು ಒಂದು, ಹಳೆಯದನ್ನು ತೆಗೆಯುವುದು ಇನ್ನೊಂದು. ಇವೆರಡೂ ಒಂದೇ ದಿನ ಆಗಬೇಕು ಅಂತ ನಾನು ಸುಮ್ನೆ ಅಂದುಕೊಂಡಿದ್ದೆ. ಆಗಬೇಕಾಗಿಲ್ಲ. ಬೇರೆ ಬೇರೆ ಮಾಡಿದ ಕೂಡಲೇ ಎರಡೂ ವಾದಕ್ಕೆ ಜಾಗ ಸಿಗುತ್ತದೆ. ಗುರುತಿನ ಸೇವೆಯನ್ನು ಎಲ್ಲಕ್ಕಿಂತ ಮೊದಲು ಕಟ್ಟಬೇಕು, ಎಲ್ಲಕ್ಕಿಂತ ಕೊನೆಗೆ ಕೆಡವಬೇಕು. ಹಳೇ ಸೇತುವೆಯ ಪಕ್ಕದಲ್ಲೇ ಹೊಸ ಸೇತುವೆ ಕಟ್ಟುವ ಹಾಗೆ. ಹೊಸದರ ಮೇಲೆ ಗಾಡಿ ಓಡಾಡಲು ಶುರುವಾಗುವ ತನಕ ಹಳೆಯದರ ಕಲ್ಲು ಕೀಳುವುದಿಲ್ಲ.

ಒಂದೊಂದು ಹೆಜ್ಜೆಯಾಗಿ ನೋಡೋಣ. ಹೊಸ ಲಾಗಿನ್ ಸೇವೆ ಎದ್ದು ನಿಂತಿತು, ಆದರೆ ಅದರ ಮೇಲೆ ಯಾರೂ ಒರಗಿಲ್ಲ. ಮೊದಲು ಒಂದು ಚಿಕ್ಕ ಸೇವೆಯನ್ನು ಅದಕ್ಕೆ ಜೋಡಿಸುತ್ತೇವೆ, ಕೋಣೆ ಕಾಯ್ದಿರಿಸುವ ಪುಟ ಅಂಥದ್ದು. ಎಡವಟ್ಟಾದರೆ ಜೋಡಣೆಯನ್ನು ಹಳೆಯದಕ್ಕೇ ತಿರುಗಿಸಿದರಾಯಿತು. ಆಮೇಲೆ ಗ್ರಂಥಾಲಯ, ಆಮೇಲೆ ಕಲಿಕಾ ತಾಣ. ಹೊಸದಾಗಿ ಬರುವ ಯಾವ ಸೇವೆಯೂ ಹಳೆಯದಕ್ಕೆ ಜೋಡಣೆಯಾಗಬಾರದು, ಇದು ಕಟ್ಟುನಿಟ್ಟು. ಹೀಗೆ ಹಳೆಯದಕ್ಕೆ ಬರುವ ಬಾಣಗಳು ಒಂದೊಂದಾಗಿ ಕಮ್ಮಿಯಾಗುತ್ತವೆ. ಈ ಜೋಡಣೆಗೆ ಎಲ್ಲರೂ ಮಾತಾಡುವ ಒಂದು ಭಾಷೆ ಬೇಕು. 2005ರಲ್ಲಿ ಬಂದ ಸ್ಯಾಮೆಲ್ 2.0 ಅಂಥದ್ದು, ವಿಶ್ವವಿದ್ಯಾಲಯಗಳಲ್ಲಿ ಈಗಲೂ ತುಂಬ ಬಳಕೆಯಲ್ಲಿದೆ.

ಪಾಸ್‌ವರ್ಡ್ ಹೇಗೆ ಸಾಗಿಸುವುದು? ಹಳೇ ಡೈರೆಕ್ಟರಿಯಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಅದನ್ನು ಅರೆದು ಮಾಡಿದ ಹ್ಯಾಶ್ ಇರುತ್ತದೆ. ಹ್ಯಾಶ್‌ನಿಂದ ಪಾಸ್‌ವರ್ಡನ್ನು ವಾಪಸ್ ಲೆಕ್ಕ ಹಾಕಿ ತೆಗೆಯಲು ಬರುವುದಿಲ್ಲ. ಹಳೇ ಬಗೆಯ ಹ್ಯಾಶ್ ಹೊಸದಕ್ಕೆ ಅರ್ಥವಾಗದೆಯೂ ಇರಬಹುದು. ಎಲ್ಲರಿಗೂ ಒಂದೇ ದಿನ ‘ಪಾಸ್‌ವರ್ಡ್ ಬದಲಿಸಿ’ ಅಂದರೆ ಸಹಾಯವಾಣಿಯ ಮುಂದೆ ಸಾಲು ನಿಲ್ಲುತ್ತದೆ. ನನಗೆ ತುಂಬ ಇಷ್ಟವಾದ ಉಪಾಯ ಇದು: ಬಳಕೆದಾರ ಪಾಸ್‌ವರ್ಡ್ ಟೈಪ್ ಮಾಡಿದ ಆ ಒಂದು ಕ್ಷಣ ಅದು ಲಾಗಿನ್ ಸೇವೆಯ ಕೈಯಲ್ಲಿ ಇರುತ್ತದೆ. ಆಗ ಹಳೆಯದರಲ್ಲಿ ಪರಿಶೀಲಿಸಿ, ಸರಿ ಇದ್ದರೆ ಹೊಸ ಬಗೆಯ ಹ್ಯಾಶ್ ಮಾಡಿ ಹೊಸದರಲ್ಲಿ ಇಟ್ಟುಬಿಡುವುದು. ಮುಂದಿನ ಸಲ ಹಳೆಯದನ್ನು ಕೇಳಬೇಕಿಲ್ಲ. ಕೆಲವು ತಿಂಗಳಲ್ಲಿ ಹೆಚ್ಚಿನವರು ತಮಗೇ ಗೊತ್ತಿಲ್ಲದೆ ದಾಟಿರುತ್ತಾರೆ. ಉಳಿದವರಿಗಷ್ಟೇ ಬದಲಿಸಲು ಹೇಳಿದರೆ ಸಾಕು.

ಪಾಸ್‌ವರ್ಡಿಗಿಂತ ಕಷ್ಟದ್ದು ಮನುಷ್ಯರ ಲೆಕ್ಕ. ಒಬ್ಬಳು ಪಿಎಚ್‌ಡಿ ವಿದ್ಯಾರ್ಥಿನಿ ಇದ್ದಾಳೆ. ಪ್ರವೇಶ ವಿಭಾಗದ ಕಡತದಲ್ಲಿ ಅವಳು ವಿದ್ಯಾರ್ಥಿ. ತರಗತಿಯನ್ನೂ ತೆಗೆದುಕೊಳ್ಳುವುದರಿಂದ ಸಿಬ್ಬಂದಿ ಕಡತದಲ್ಲೂ ಇದ್ದಾಳೆ. ಗ್ರಂಥಾಲಯದಲ್ಲಿ ಸಂಜೆ ಕೆಲಸ, ಅಲ್ಲಿ ಇನ್ನೊಂದು ಸಾಲು. ಮೂರು ಕಡೆ ಮೂರು ಬಗೆಯಲ್ಲಿ ಹೆಸರಿನ ಸ್ಪೆಲಿಂಗ್. ಪಾಠದ ಕೆಲಸ ಮುಗಿದ ದಿನ ಸಿಬ್ಬಂದಿ ಕಡತದಿಂದ ‘ಬಿಟ್ಟುಹೋದರು’ ಅಂತ ಸಂದೇಶ ಬರುತ್ತದೆ. ಖಾತೆಯೇ ಮುಚ್ಚಿಹೋದರೆ ಅವಳ ಪ್ರಬಂಧದ ಕಡತಗಳಿಗೂ ದಾರಿ ಮುಚ್ಚುತ್ತದೆ. ಹಾಗಾಗಿ ಮುಚ್ಚಬೇಕಾದ್ದು ಆ ಒಂದು ಪಾತ್ರವನ್ನು, ಖಾತೆಯನ್ನಲ್ಲ. ಒಬ್ಬ ವ್ಯಕ್ತಿಗೆ ಒಂದೇ ಗುರುತು, ಅದಕ್ಕೆ ಅಂಟಿಕೊಂಡ ಹಲವು ಪಾತ್ರಗಳು. ಆ ಗುರುತು ಅರ್ಥವಿಲ್ಲದ ಸಂಖ್ಯೆಯಾಗಿರಲಿ. ಹೆಸರು ಬದಲಾಗುತ್ತದೆ, ಇಮೇಲ್ ಬದಲಾಗುತ್ತದೆ, ಸಂಖ್ಯೆ ಬದಲಾಗಬೇಕಾಗಿಲ್ಲ. ಹೊಸದನ್ನು ಕಟ್ಟುವಾಗ ಇದನ್ನು ಸರಿಮಾಡದಿದ್ದರೆ ಹಳೇ ಗೊಂದಲವೇ ಹೊಸ ಯಂತ್ರದ ಮೇಲೆ ಕೂರುತ್ತದೆ.

ಗಂಟೆಗಳಲ್ಲಿ ಹೇಳುವ ಲೆಕ್ಕ

‘99.9% ಲಭ್ಯತೆ’ ಅಂತ ಓದಿದರೆ ಮನಸ್ಸಿಗೆ ಏನೂ ತಟ್ಟುವುದಿಲ್ಲ. ವರ್ಷಕ್ಕೆ 8,760 ಗಂಟೆ ಅನ್ನೋದೊಂದು ನೆನಪಿಡಿ. 1% ಅಂದರೆ 87.6 ಗಂಟೆ, 0.1% ಅಂದರೆ 8.76 ಗಂಟೆ. 99.9% ಲಭ್ಯತೆ ಅಂದರೆ ವರ್ಷಕ್ಕೆ ಈ 8.76 ಗಂಟೆ ಸೇವೆ ನಿಲ್ಲಬಹುದು ಅಂತ. ಚುಕ್ಕಿ ಸರಿಸಿದರೆ ಸಾಕು.

ಈಗ ಫಲಿತಾಂಶದ ಆರು ಕೊಂಡಿಗಳಿಗೆ ಬನ್ನಿ. ಪ್ರತಿಯೊಂದೂ 99.9%, ಆದರೆ ಆರೂ ಒಟ್ಟಿಗೆ ಇದ್ದರೆ ಮಾತ್ರ ಪುಟ ಕಾಣುತ್ತದೆ. ಪುಸ್ತಕದ ದಾರಿಯಲ್ಲಿ 0.999 ಅನ್ನು ಆರು ಸಲ ಗುಣಿಸಬೇಕು. ನನ್ನ ಅಡ್ಡದಾರಿಯಲ್ಲಿ ನಿಲ್ಲುವ ಸಮಯಗಳನ್ನು ಸುಮ್ನೆ ಕೂಡಿಸುವುದು. ಆರು ಸಲ 8.76, ಅಂದರೆ 52.56 ಗಂಟೆ. ಗುಣಿಸಿ ನೋಡಿದರೆ 52.43. ವ್ಯತ್ಯಾಸ ಎಂಟು ನಿಮಿಷದಷ್ಟು. ಪ್ರತಿ ಕೊಂಡಿಯೂ ಗಟ್ಟಿಯಿದ್ದಾಗ ಮಾತ್ರ ಇದು ನಡೆಯುತ್ತದೆ. ಆರೂ 90% ಆಗಿದ್ದರೆ ಕೂಡಿಸಿದಾಗ 60% ನಷ್ಟ ಅಂತ ಬರುತ್ತದೆ, ಸರಿಯಾದ ಉತ್ತರ ಸುಮಾರು 47%. ಕೂಡಿಸಿದ ಉತ್ತರ ಯಾವಾಗಲೂ ಸ್ವಲ್ಪ ಜಾಸ್ತಿಯೇ ಹೇಳುತ್ತದೆ, ಕಮ್ಮಿ ಹೇಳುವುದಿಲ್ಲ. ಯೋಜನೆಗೆ ಆ ಕಡೆ ವಾಲಿದರೇ ಒಳ್ಳೆಯದು.

ಇದರಿಂದ ನನಗೆ ಹೊಳೆದಿದ್ದು: ಫಲಿತಾಂಶದ ಸರ್ವರ್ ಒಂದಕ್ಕೇ ಹಣ ಸುರಿದರೆ 52 ಗಂಟೆಯಲ್ಲಿ ಹೆಚ್ಚೆಂದರೆ 8.76 ಗಂಟೆ ಉಳಿಯುತ್ತದೆ. ಅದೇ ಶ್ರಮ ಲಾಗಿನ್ನಿಗೆ ಹೋದರೆ ಅದರ ಮೇಲೆ ಒರಗಿದ ಪ್ರತಿ ಸೇವೆಗೂ ಅಷ್ಟು ಉಳಿಯುತ್ತದೆ.

ಬ್ಯಾಕಪ್ಪಿನ ಎರಡು ಗಡುವು

ಆರ್‌ಪಿಒ ಅಂದರೆ ಎಷ್ಟು ಹೊತ್ತಿನ ದತ್ತಾಂಶ ಕಳೆದುಕೊಳ್ಳಬಹುದು. ಆರ್‌ಟಿಒ ಅಂದರೆ ಎಷ್ಟು ಹೊತ್ತಿನೊಳಗೆ ಮತ್ತೆ ಎದ್ದು ನಿಲ್ಲಬೇಕು. ರಾತ್ರಿ 2ಕ್ಕೆ ಬ್ಯಾಕಪ್ ಆಯಿತು, ಸಂಜೆ 4ಕ್ಕೆ ಡಿಸ್ಕ್ ಕೆಟ್ಟಿತು, ರಾತ್ರಿ 9ಕ್ಕೆ ಸರಿಹೋಯಿತು. ಹಿಂದಕ್ಕೆ ನೋಡಿದರೆ 14 ಗಂಟೆಯ ಕೆಲಸ ಹೋಯಿತು, ಮುಂದಕ್ಕೆ ನೋಡಿದರೆ 5 ಗಂಟೆ ಸೇವೆ ಇಲ್ಲ. ಅಂಕ ತುಂಬುವ ವಾರದಲ್ಲಿ 14 ಗಂಟೆ ಅಂದರೆ ಅಧ್ಯಾಪಕರು ಬೆಳಿಗ್ಗೆಯಿಂದ ಕೂತು ತುಂಬಿದ್ದೆಲ್ಲ ಹೋದ ಹಾಗೆ. ಫಲಿತಾಂಶ ಬಿಟ್ಟ ವಾರದಲ್ಲಿ ಅಂಕ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ, ಆದ್ದರಿಂದ 14 ಗಂಟೆಗೆ ಚಿಂತೆಯಿಲ್ಲ. ಆದರೆ 5 ಗಂಟೆ ಪುಟ ತೆರೆಯದಿದ್ದರೆ ಯಾರೂ ಸಹಿಸುವುದಿಲ್ಲ. ಒಂದೇ ಡೇಟಾಬೇಸ್, ಎರಡು ವಾರ, ಎರಡು ಬೇರೆ ಗಡುವು. ಸೇವೆಗೆ ಒಂದೇ ಸಂಖ್ಯೆ ಬರೆದು ಮುಗಿಸಬೇಡಿ.

ದಿನ ನೋಡಿ ಕೆಲಸ

ಪ್ರವೇಶ, ಪರೀಕ್ಷೆ, ಅಂಕ, ಫಲಿತಾಂಶದ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲು ಬಳಿಯಿರಿ. ಆ ದಿನಗಳಲ್ಲಿ ಯಾವ ಬದಲಾವಣೆಯೂ ಬೇಡ. ಉಳಿದ ದಿನಗಳಲ್ಲೇ ಎಲ್ಲ ಕೆಲಸ. ಸರ್ವರ್ ಜಾಗ ಬದಲಿಸುವುದಿದ್ದರೆ ಡಿಎನ್‌ಎಸ್‌ನ ಟಿಟಿಎಲ್ (ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ) 86,400 ಸೆಕೆಂಡ್ ಇದೆಯಾ ನೋಡಿ. ಅಂದರೆ ಹಳೇ ವಿಳಾಸವನ್ನು ಒಂದು ಇಡೀ ದಿನ ಬೇರೆಯವರು ನೆನಪಿಟ್ಟುಕೊಂಡಿರಬಹುದು. ಅದನ್ನು ಬದಲಾವಣೆಗೆ ಒಂದು ದಿನಕ್ಕಿಂತ ಮುಂಚೆಯೇ 300ಕ್ಕೆ ಇಳಿಸಬೇಕು. ಅದೇ ಹೊತ್ತಿಗೆ ಇಳಿಸಿದರೆ ಉಪಯೋಗವಿಲ್ಲ.

ಹಳೆಯದನ್ನು ತೆಗೆಯುವುದು

ಹಳೇ ಲಾಗಿನ್ನಿಗೆ ಬರುವ ಬಾಣಗಳು ಹಾಳೆಯ ಮೇಲೆ ಸೊನ್ನೆಯಾದವು ಅಂದುಕೊಳ್ಳಿ. ಆಗಲೂ ಆಫ್ ಮಾಡುವ ಹಾಗಿಲ್ಲ. ಮೊದಲು ಅದರ ಲಾಗ್, ಅಂದರೆ ಯಾವ ಸೇವೆ ಯಾವಾಗ ಅದನ್ನು ಕೇಳಿತು ಅನ್ನುವ ದಾಖಲೆ, ಓದಬೇಕು, ಅದೂ ಒಂದು ವಾರದ್ದಲ್ಲ, ಪೂರ್ತಿ ಒಂದು ಶೈಕ್ಷಣಿಕ ವರ್ಷದ್ದು. ಘಟಿಕೋತ್ಸವದ ನೋಂದಣಿ ಪುಟ ವರ್ಷಕ್ಕೆ ಒಂದೇ ಸಲ ಎಚ್ಚರವಾಗುತ್ತದೆ. ಹಾಳೆಯಲ್ಲಿ ಅದಕ್ಕೆ ಬಾಣ ಹಾಕಲು ಯಾರಿಗೂ ನೆನಪಿರದೇ ಹೋಗಬಹುದು. ಲಾಗ್‌ನಲ್ಲಿ ಮಾತ್ರ ಆ ಒಂದು ವಾರದ ಸಾಲುಗಳು ಇದ್ದೇ ಇರುತ್ತವೆ.