ಕರ್ನಲ್ ಮಾಡ್ಯೂಲ್‌ನಿಂದ ಸ್ಪೀಕರ್ ಬೀಪ್ ಮಾಡಿಸುವುದು ಹೇಗೆ?

ಪ್ರಶ್ನೆ: ಲಿನಕ್ಸ್‌ಗೆ ಒಂದು ಚಿಕ್ಕ ಕರ್ನಲ್ ಮಾಡ್ಯೂಲ್ (ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಬೇಕಾದಾಗ ಸೇರಿಸುವ ಕೋಡ್) ಬರೆದಿದ್ದೇನೆ. ಅದು ಲೋಡ್ ಆದ ಕೂಡಲೇ ಕಂಪ್ಯೂಟರ್ ಒಳಗಿನ ಸ್ಪೀಕರ್ ಒಮ್ಮೆ ಬೀಪ್ ಅನ್ನಬೇಕು. ಕರ್ನಲ್ ಸಂದೇಶ ಬರೆಯುವ ಪ್ರಿಂಟ್‌ಕೆ ಫಂಕ್ಷನ್ ಮೂಲಕ ಬೆಲ್ ಅಕ್ಷರ ಕಳಿಸಿ ನೋಡಿದೆ, ಸದ್ದೇ ಇಲ್ಲ. ಏನು ಮಾಡಬೇಕು?

ಉತ್ತರ: ಬೆಲ್ ಅಕ್ಷರದ ದಾರಿ ಬಿಟ್ಟುಬಿಡಿ. ಸಾಮಾನ್ಯ ಪ್ರೋಗ್ರಾಮ್ ಒಂದು ಕನ್ಸೋಲ್‌ಗೆ ಆಸ್ಕಿ 7 ಬರೆದರೆ ಟರ್ಮಿನಲ್ ಕೋಡ್ ಅದನ್ನು ಗುರುತಿಸಿ ಗಂಟೆ ಬಾರಿಸುತ್ತದೆ. ಪ್ರಿಂಟ್‌ಕೆಯ ಸಾಲುಗಳು ಆ ಕೋಡ್‌ನ ಕೈಗೆ ಸಿಗುವುದೇ ಇಲ್ಲ. ಅವನ್ನು ಪರದೆಗೆ ಹಾಕುವ ಭಾಗ ಬೇರೆ. ಅದು ಲೆಕ್ಕಕ್ಕೆ ತೆಗೆದುಕೊಳ್ಳುವ ಕಂಟ್ರೋಲ್ ಅಕ್ಷರಗಳು ಹೊಸ ಸಾಲು, ಕ್ಯಾರೇಜ್ ರಿಟರ್ನ್, ಬ್ಯಾಕ್‌ಸ್ಪೇಸ್, ಅಷ್ಟೇ.

ನಿಮಗೆ ಸದ್ದು ಬಂದರೆ ಸಾಕು ಅನ್ನುವುದಾದರೆ ಕರ್ನಲ್‌ನಲ್ಲೇ ಒಂದು ಫಂಕ್ಷನ್ ಇದೆ: ಕೆಡಿ_ಎಂಕೆಸೌಂಡ್. ವಿಟಿ_ಕರ್ನ್ ಹೆಡರ್ ಸೇರಿಸಿಕೊಂಡು ಅದನ್ನು ಕರೆಯಿರಿ. ಮೊದಲ ಆರ್ಗ್ಯುಮೆಂಟ್ ಎಷ್ಟು ಹರ್ಟ್ಸ್ ಎಂಬುದು, ಎರಡನೆಯದು ಎಷ್ಟು ಹೊತ್ತು ಎಂಬುದು. ಈ ಎರಡನೆಯದು ಮಿಲಿಸೆಕೆಂಡ್ ಅಲ್ಲ, ಜಿಫಿ, ಅಂದರೆ ಕರ್ನಲ್ ಹೊತ್ತು ಎಣಿಸುವ ಟಿಕ್. ಸೆಕೆಂಡಿಗೆ ಎಷ್ಟು ಜಿಫಿ ಎಂದು ಹೇಳುವುದು ಎಚ್‌ಜೆಡ್ ಎಂಬ ಮ್ಯಾಕ್ರೊ. ಹಾಗಾಗಿ ಅದನ್ನು 5ರಿಂದ ಭಾಗಿಸಿ ಕೊಟ್ಟರೆ 200 ಮಿಲಿಸೆಕೆಂಡ್ ಸದ್ದು ಬರುತ್ತದೆ. ಆ ಫಂಕ್ಷನ್ ತಾನೇ ಟೈಮರ್ ಇಟ್ಟುಕೊಂಡು ಹೊತ್ತು ಮುಗಿದ ಮೇಲೆ ಸದ್ದು ನಿಲ್ಲಿಸುತ್ತದೆ, ನೀವು ಕಾಯಬೇಕಾಗಿಲ್ಲ. ಕೆಲಸಕ್ಕೆ ಬೇಕಾದ ಮಾಡ್ಯೂಲ್ ಆದರೆ ಇದನ್ನೇ ಬಳಸಿ ಎನ್ನುತ್ತೇನೆ.

ಆದರೆ ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರಿಗೆ ಬೀಪ್ ಒಂದು ನೆಪ, ಅಲ್ವಾ? ಹಾರ್ಡ್‌ವೇರ್ ಅನ್ನು ತಾವೇ ಮುಟ್ಟಿ ನೋಡಬೇಕು ಎಂಬ ಆಸೆ. ಪಿಸಿಯಲ್ಲಿ ಅದಕ್ಕೆ ಇದಕ್ಕಿಂತ ಸುಲಭದ ಜಾಗ ಸಿಗುವುದು ಕಷ್ಟ.

1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ 8253 ಎಂಬ ಟೈಮರ್ ಚಿಪ್ ಇತ್ತು. ಅದರ ಮೂರು ಚಾನೆಲ್‌ಗಳಲ್ಲಿ 2ನೇ ನಂಬರಿನದು ಸ್ಪೀಕರ್‌ಗೆ ಮೀಸಲು. ಇಂದಿನ ಪಿಸಿಗಳ ಚಿಪ್‌ಸೆಟ್ ಕೂಡ ಅದೇ ವಿಳಾಸಗಳಲ್ಲಿ ಅದೇ ಟೈಮರ್‌ನಂತೆ ನಡೆದುಕೊಳ್ಳುತ್ತದೆ. ಟೈಮರ್‌ನ ಗಡಿಯಾರ ಸೆಕೆಂಡಿಗೆ 11,93,182 ಸಲ ಬಡಿಯುತ್ತದೆ. ನಿಮಗೆ ಬೇಕಾದ ಹರ್ಟ್ಸ್‌ನಿಂದ ಆ ಸಂಖ್ಯೆಯನ್ನು ಭಾಗಿಸಬೇಕು. 1000 ಹರ್ಟ್ಸ್‌ಗೆ ಬರುವುದು 1193. ಮೊದಲು ಪೋರ್ಟ್‌ಗೆ (ಹಾರ್ಡ್‌ವೇರ್‌ನ ವಿಳಾಸಕ್ಕೆ) ಒಂದು ಬೈಟ್ ಬರೆಯುವ ಔಟ್‌ಬಿಯಿಂದ ಹೆಕ್ಸ್ (16ರ ಆಧಾರದ ಸಂಖ್ಯೆ) 43ನೇ ಪೋರ್ಟ್‌ಗೆ ಹೆಕ್ಸ್ ಬಿ6 ಬರೆಯಿರಿ. 2ನೇ ಚಾನೆಲ್, ಎರಡು ಬೈಟ್ ಬರುತ್ತದೆ, ಚೌಕ ಅಲೆ ಬೇಕು ಎಂದು ಹೇಳಿದ ಹಾಗೆ. ಆಮೇಲೆ ಹೆಕ್ಸ್ 42ಕ್ಕೆ 1193ರ ಕೆಳಗಿನ ಬೈಟ್, ಹಿಂದೆಯೇ ಮೇಲಿನ ಬೈಟ್.

ಇಷ್ಟಾದರೂ ಸದ್ದು ಬರುವುದಿಲ್ಲ. ಟೈಮರ್ ಅನ್ನು ಸ್ಪೀಕರ್‌ಗೆ ಜೋಡಿಸುವುದು ಹೆಕ್ಸ್ 61ನೇ ಪೋರ್ಟ್‌ನ ಕೊನೆಯ ಎರಡು ಬಿಟ್‌ಗಳು. ಒಂದು ಟೈಮರ್‌ನ ಗೇಟ್ ತೆರೆಯುತ್ತದೆ, ಇನ್ನೊಂದು ಸ್ಪೀಕರ್‌ಗೆ ದಾರಿ ಬಿಡುತ್ತದೆ. ಅಲ್ಲಿಗೆ ಸುಮ್ನೆ 3 ಬರೆದುಬಿಡಬೇಡಿ. ಉಳಿದ ಬಿಟ್‌ಗಳಿಗೆ ಮೆಮೊರಿ ದೋಷದಂಥ ಬೇರೆ ಕೆಲಸಗಳಿವೆ. ಪೋರ್ಟ್ ಓದುವ ಇನ್‌ಬಿಯಿಂದ ಈಗಿರುವುದನ್ನು ಓದಿ, 3ರ ಜೊತೆ ಆರ್ ಮಾಡಿ, ವಾಪಸ್ ಬರೆಯಿರಿ. ನಿಲ್ಲಿಸಲು ಮತ್ತೆ ಓದಿ, ಹೆಕ್ಸ್ ಎಫ್‌ಸಿ ಜೊತೆ ಆಂಡ್ ಮಾಡಿ ಬರೆಯಿರಿ.

ತೊಂದರೆ ಬರುವುದು ಈ ನಿಲ್ಲಿಸುವ ಹಂತದಲ್ಲೇ ಜಾಸ್ತಿ. ಇದು ನಲ್ಲಿ ತಿರುಗಿಸಿ ಬಿಟ್ಟ ಹಾಗೆ: ನೀವೇ ಮುಚ್ಚುವ ತನಕ ಹರಿಯುತ್ತಲೇ ಇರುತ್ತದೆ. ಚಿಪ್‌ಗೆ ನಿಮ್ಮ ಮಾಡ್ಯೂಲ್ ಎಂಬುದೊಂದು ಇದೆ ಎಂದೇ ಗೊತ್ತಿಲ್ಲ. ಮಾಡ್ಯೂಲ್ ತೆಗೆದುಹಾಕಿದರೂ ಕಿರುಚಾಟ ನಿಲ್ಲದು. ಮಾಡ್ಯೂಲ್ ಲೋಡ್ ಆದಾಗ ನಡೆಯುವ ಇನಿಟ್ ಫಂಕ್ಷನ್ ಒಳಗಾದರೆ ಎಂಸ್ಲೀಪ್ ಕರೆದು 200 ಮಿಲಿಸೆಕೆಂಡ್ ಕಾದು ಆಫ್ ಮಾಡಬಹುದು. ಇಂಟರಪ್ಟ್ ಹ್ಯಾಂಡ್ಲರ್‌ನಿಂದ (ಹಾರ್ಡ್‌ವೇರ್ ಕರೆದಾಗ ತಕ್ಷಣ ಓಡುವ ಕೋಡ್‌ನಿಂದ) ಬೀಪ್ ಬೇಕಿದ್ದರೆ ಅಲ್ಲಿ ನಿದ್ದೆ ಮಾಡುವಂತಿಲ್ಲ, ಆಫ್ ಮಾಡುವ ಕೆಲಸವನ್ನು ಡಿಲೇಡ್ ವರ್ಕ್‌ಗೆ, ಅಂದರೆ ಸ್ವಲ್ಪ ಹೊತ್ತಿನ ನಂತರ ಕರ್ನಲ್ ನಡೆಸುವ ಕೆಲಸಕ್ಕೆ, ವಹಿಸಿ. ಆಗ ಮಾಡ್ಯೂಲ್ ತೆಗೆಯುವಾಗ ನಡೆಯುವ ಎಕ್ಸಿಟ್ ಫಂಕ್ಷನ್‌ನಲ್ಲಿ ಆ ಕೆಲಸವನ್ನು ರದ್ದು ಮಾಡಿ, ಸ್ಪೀಕರ್ ಅನ್ನೂ ಮುಚ್ಚಿ. ರದ್ದು ಮಾಡದೆ ಹೊರಟರೆ, ಆಗಲೇ ತೆಗೆದುಹಾಕಿದ ಕೋಡ್‌ಗೆ ಕರ್ನಲ್ ಜಿಗಿದು ಬೀಳುತ್ತದೆ.

ಇನ್ನು ಲಾಕ್. ಕರ್ನಲ್‌ನ ಸ್ವಂತ ಸ್ಪೀಕರ್ ಡ್ರೈವರ್ ಪಿಸಿಎಸ್‌ಪಿಕೆಆರ್ ಕೂಡ ಇದೇ ಪೋರ್ಟ್‌ಗಳನ್ನು ಮುಟ್ಟುತ್ತದೆ. ನಿಮ್ಮ ಒಂದು ಬೈಟ್, ಅದರ ಒಂದು ಬೈಟ್ ಸೇರಿಕೊಂಡರೆ ಯಾವುದೋ ಸ್ವರ ಹೊರಡುತ್ತದೆ. ಅದನ್ನು ತಪ್ಪಿಸಲು ಐ8253_ಲಾಕ್ ಎಂಬ ಸ್ಪಿನ್‌ಲಾಕ್ (ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಬೀಗ) ಇದೆ. ಪೋರ್ಟ್ ಬರೆಯುವಷ್ಟು ಹೊತ್ತು ಅದನ್ನು ಹಿಡಿದು, ಎಂಸ್ಲೀಪ್‌ಗೆ ಮೊದಲೇ ಬಿಟ್ಟುಬಿಡಿ. ರಿಕ್ವೆಸ್ಟ್_ರೀಜನ್ ಮೂಲಕ ಪೋರ್ಟ್ ಕಾಯ್ದಿರಿಸಲು ಹೋದರೆ ಸಿಗುವುದಿಲ್ಲ: ಹೆಕ್ಸ್ 40ರಿಂದ 43ರವರೆಗಿನದನ್ನು ಕರ್ನಲ್ ಬೂಟ್ ಆಗುವಾಗಲೇ ಟೈಮರ್ ಹೆಸರಿನಲ್ಲಿ ಹಿಡಿದಿರುತ್ತದೆ. ಅದನ್ನು ದೋಷ ಎಂದುಕೊಳ್ಳಬೇಡಿ.

ಎಲ್ಲ ಸರಿಯಿದ್ದೂ ಮೌನವೇ? ಕೆಡಿ_ಎಂಕೆಸೌಂಡ್ ಬಳಸಿದ್ದರೆ ಮೊದಲು ಪಿಸಿಎಸ್‌ಪಿಕೆಆರ್ ಲೋಡ್ ಆಗಿದೆಯೇ ನೋಡಿ. ಆ ಫಂಕ್ಷನ್ ತಾನಾಗಿ ಪೋರ್ಟ್ ಮುಟ್ಟುವುದಿಲ್ಲ, ಸದ್ದು ಮಾಡಬಲ್ಲ ಇನ್‌ಪುಟ್ ಡಿವೈಸ್‌ಗಳಿಗೆ ಹೇಳುತ್ತದೆ ಅಷ್ಟೆ. ಉಬುಂಟುವಿನಲ್ಲಿ ಈ ಡ್ರೈವರ್ ಬ್ಲ್ಯಾಕ್‌ಲಿಸ್ಟ್‌ನಲ್ಲಿರುತ್ತದೆ, ಮಾಡ್‌ಪ್ರೋಬ್ ಕಮಾಂಡ್‌ನಿಂದ ನೀವೇ ಕರೆದು ತರಬೇಕು. ನೇರ ಪೋರ್ಟ್ ದಾರಿಗೆ ಈ ಡ್ರೈವರ್ ಬೇಕಿಲ್ಲ. ಆದರೆ ಮದರ್‌ಬೋರ್ಡ್‌ಗೆ ಸ್ಪೀಕರ್ ಸಿಕ್ಕಿಸಿಯೇ ಇಲ್ಲದಿದ್ದರೆ ಯಾವ ಕೋಡ್ ಬರೆದೂ ಪ್ರಯೋಜನವಿಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬೀಪ್ ಸೌಂಡ್ ಚಿಪ್ ಮೂಲಕ ಬರುತ್ತದೆ. ಅಲ್ಲಿ ಸದ್ದಿನ ಮಟ್ಟ ಹೊಂದಿಸುವ ಆಲ್ಸಾಮಿಕ್ಸರ್ ಪ್ರೋಗ್ರಾಮ್ ತೆರೆದು ಬೀಪ್ ಎಂಬ ಪಟ್ಟಿ ಮ್ಯೂಟ್ ಆಗಿದೆಯೇ ನೋಡಿ. ಆರ್ಮ್ ಬೋರ್ಡ್‌ಗಳಲ್ಲಿ ಈ ಟೈಮರೂ ಇಲ್ಲ, ಪೋರ್ಟ್ 61ಊ ಇಲ್ಲ. ಅಲ್ಲಿ ಬಜರ್ ಇದ್ದರೆ ಅದಕ್ಕೆ ಪಿಡಬ್ಲ್ಯೂಎಂ (ವೇಗವಾಗಿ ಆನ್-ಆಫ್ ಆಗುವ ಸಿಗ್ನಲ್) ಅಥವಾ ಜಿಪಿಐಒ (ಕೋಡ್‌ನಿಂದ ಆನ್-ಆಫ್ ಮಾಡಬಹುದಾದ ಪಿನ್) ಬಳಸಬೇಕು.