ಎಲೆಕ್ಟ್ರಿಕ್ ಸೈಕಲ್ ಈಗಲೇ ತಗೊಳ್ಳಬಹುದಾ? ನಮ್ಮ ಚಡಾವು ಹತ್ತುತ್ತದಾ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಪೇಟೆಗೆ ಆರು ಕಿಲೋಮೀಟರ್, ನಡುವೆ ಎರಡು ಚಡಾವು. ದೇಶದಲ್ಲಿ ಎಲೆಕ್ಟ್ರಿಕ್ ಸೈಕಲ್ ಮಾರಾಟ ಜೋರಾಗಿ ಏರುತ್ತಿದೆ, ಬೆಲೆ ಇನ್ನೂ ಇಳಿಯುತ್ತದೆ ಅಂತ ಎಲ್ಲ ಕಡೆ ಓದುತ್ತೇನೆ. ಈಗಲೇ ತಗೊಳ್ಳುವುದಾ, ಎರಡು ವರ್ಷ ಕಾಯುವುದಾ? ಮಗ ಪ್ಲಸ್ ಟು ಓದುತ್ತಿದ್ದಾನೆ. ಅವನಿಗೂ ಆಗಬೇಕು.

ಉತ್ತರ: ಬೆಲೆ ಇಳಿಯಲಿ ಅಂತ ಕಾಯುವ ಅಗತ್ಯ ಇಲ್ಲ. ಆದರೆ ರಿಪೇರಿ ಮಾಡುವವರು ಹತ್ತಿರದಲ್ಲಿ ಇಲ್ಲದಿದ್ದರೆ ಈಗ ತಗೊಳ್ಳಲೇಬೇಡಿ. ನಿಮ್ಮ ನಿರ್ಧಾರ ನಿಲ್ಲಬೇಕಾದ್ದು ಈ ಎರಡನೇ ಮಾತಿನ ಮೇಲೆ. ಮಾರುಕಟ್ಟೆ ಎಷ್ಟು ಬೆಳೆಯಿತು ಅನ್ನುವುದರ ಮೇಲೆ ಅಲ್ಲ.

ಮಾರುಕಟ್ಟೆ ಬೆಳೆಯುತ್ತಿದೆ ಅನ್ನುವುದು ನಿಜ. ಆದರೆ ನೀವು ಓದುವ ದೊಡ್ಡ ಸಂಖ್ಯೆಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. 2024-25ರಲ್ಲಿ ದೇಶದಲ್ಲಿ ಸುಮಾರು 11.5 ಲಕ್ಷ ಎಲೆಕ್ಟ್ರಿಕ್ ದ್ವಿಚಕ್ರ ವಾಹನಗಳು ಮಾರಾಟವಾದವು. ಅವೆಲ್ಲ ನಂಬರ್ ಪ್ಲೇಟ್ ಇರುವ ಸ್ಕೂಟರ್, ಬೈಕ್‌ಗಳು. ಕೇಂದ್ರ ಸರಕಾರದ ವಾಹನ್ ದಾಖಲೆಯಲ್ಲಿ ಅವುಗಳ ಲೆಕ್ಕ ಸಿಗುತ್ತದೆ. ಎಲೆಕ್ಟ್ರಿಕ್ ಸೈಕಲ್‌ಗೆ ನೋಂದಣಿಯೇ ಇಲ್ಲ. ಹಾಗಾಗಿ ಅದು ಆ ಲೆಕ್ಕದಲ್ಲಿ ಸೇರುವುದೇ ಇಲ್ಲ. ಇ-ಸೈಕಲ್ ಮಾರಾಟದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಅಂಕಿಗಳೆಲ್ಲ ಕಂಪೆನಿಗಳು ಮತ್ತು ಸಮೀಕ್ಷೆಯವರು ಮಾಡಿದ ಅಂದಾಜುಗಳು. ಸ್ಕೂಟರ್ ಸಂಖ್ಯೆ ನೋಡಿ ಸೈಕಲ್ ಬಗ್ಗೆ ತೀರ್ಮಾನ ಮಾಡಬೇಡಿ.

ಕಣ್ಣಿಗೆ ಕಾಣುವ ಬದಲಾವಣೆ ಆಗಿದೆ. ಲೂಧಿಯಾನದ ಹೀರೋ ಸೈಕಲ್ಸ್ 'ಲೆಕ್ಟ್ರೋ' ಹೆಸರಿನಲ್ಲಿ ಇ-ಸೈಕಲ್ ಮಾರುತ್ತಿದೆ. 2020ರ ಲಾಕ್‌ಡೌನ್ ಬಳಿಕ ಜನ ಮತ್ತೆ ಸೈಕಲ್ ಕಡೆ ನೋಡಿದರು. ಅದೇ ವರ್ಷ ಪುಣೆಯಲ್ಲಿ ಇಮೋಟೊರಾಡ್ ಶುರುವಾಯಿತು. 2024ರಲ್ಲಿ ಅದಕ್ಕೆ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಹಣ ಹಾಕಿದರು. ಟಾಟಾ ಬಳಗದ ಸ್ಟ್ರೈಡರ್ ಕೂಡ ಈ ಸಾಲಿನಲ್ಲಿದೆ. ಇನ್ನೊಂದು ಕಡೆ ಬೆಂಗಳೂರಿನ ಯೂಲು ಇದೆ. ಅದು ಸಣ್ಣ ಬ್ಯಾಟರಿ ಗಾಡಿಗಳನ್ನು ಬಾಡಿಗೆಗೆ ಕೊಡುತ್ತದೆ. ಪೆಡಲ್ ಇಲ್ಲದ ಗಾಡಿಗಳವು, ಆದರೆ ವೇಗ ಅಷ್ಟೇ ಕಡಿಮೆ, ಲೈಸೆನ್ಸ್ ಬೇಡ. ಊಟ, ದಿನಸಿ ಮನೆಗೆ ತಲುಪಿಸುವ ಹುಡುಗರು ಅದನ್ನೇ ನೆಚ್ಚಿಕೊಂಡಿದ್ದಾರೆ.

ಅಂದರೆ ಬೆಳವಣಿಗೆ ಎರಡು ತುದಿಯಲ್ಲಿ ಆಗುತ್ತಿದೆ. ನಗರದಲ್ಲಿ ವ್ಯಾಯಾಮಕ್ಕೆ, ಹವ್ಯಾಸಕ್ಕೆ ಕೊಳ್ಳುವವರು ಒಂದು ಕಡೆ. ಬಾಡಿಗೆಗೆ ಪಡೆದು ದುಡಿಯುವವರು ಇನ್ನೊಂದು ಕಡೆ. ನಡುವೆ ಇರುವವರು ನಮ್ಮಂಥವರು. ಹಾಲಿನ ಸೊಸೈಟಿಗೆ, ಬ್ಯಾಂಕಿಗೆ, ಅಂಗನವಾಡಿ ಕೆಲಸಕ್ಕೆ ದಿನಾ ಐದಾರು ಕಿಲೋಮೀಟರ್ ಹೋಗಿಬರುವವರು. ಈ ಸೈಕಲ್ ನಿಜವಾಗಿ ಉಪಯೋಗಕ್ಕೆ ಬರುವುದು ಇವರಿಗೆ. ಇವರನ್ನೇ ಮಾರುಕಟ್ಟೆ ಇನ್ನೂ ಸರಿಯಾಗಿ ತಲುಪಿಲ್ಲ.

ಇದಕ್ಕೆ ಸರಕಾರದ ನೀತಿಯೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. 2019ರಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ಸಹಾಯಧನ ಕೊಡುವ ಕೇಂದ್ರದ ಫೇಮ್ ಯೋಜನೆಯ ಎರಡನೇ ಹಂತ ಬಂತು, 10,000 ಕೋಟಿ ರೂಪಾಯಿಯದು. 2024ರ ಅಕ್ಟೋಬರ್‌ನಲ್ಲಿ ಅಂಥದ್ದೇ ಪಿಎಂ ಇ-ಡ್ರೈವ್ ಯೋಜನೆ ಬಂತು, 10,900 ಕೋಟಿಯದು. ಎರಡರಲ್ಲೂ ಸ್ಕೂಟರ್‌ಗೆ ಸಹಾಯಧನ ಇತ್ತು, ಸೈಕಲ್‌ಗೆ ಇರಲಿಲ್ಲ. ಲಕ್ಷ ರೂಪಾಯಿಯ ಸ್ಕೂಟರ್ ಕೊಳ್ಳಬಲ್ಲವರಿಗೆ ಸಹಾಯ ಸಿಕ್ಕಿತು. ಮೂವತ್ತು ಸಾವಿರ ಹೊಂದಿಸಲು ಕಷ್ಟಪಡುವವರಿಗೆ ಸಿಗಲಿಲ್ಲ. ಇದು ನ್ಯಾಯ ಅಲ್ಲ. ದೆಹಲಿ ಸರಕಾರ 2022ರಲ್ಲಿ ಮೊದಲ 10,000 ಇ-ಸೈಕಲ್‌ಗಳಿಗೆ 5,500 ರೂಪಾಯಿವರೆಗೆ ಸಹಾಯಧನ ಘೋಷಿಸಿತು. ಅಂಥದ್ದು ಗುಡ್ಡೆ ಪ್ರದೇಶದ ಜಿಲ್ಲೆಗಳಿಗೆ ಬೇಕಿತ್ತು.

ಹಾಗಾದರೆ ಬೆಲೆ ಇಳಿಯುವುದಿಲ್ವಾ? ಲೆಕ್ಕ ಹಾಕಿ ನೋಡೋಣ. 2024ರಲ್ಲಿ ಜಗತ್ತಿನ ಸರಾಸರಿ ಲಿಥಿಯಂ ಬ್ಯಾಟರಿ ಬೆಲೆ ಒಂದು ಕಿಲೋವ್ಯಾಟ್ ಅವರ್‌ಗೆ (ಅಂದರೆ ಒಂದು ಯೂನಿಟ್ ಕರೆಂಟ್ ಹಿಡಿಯುವಷ್ಟಕ್ಕೆ) 115 ಡಾಲರ್‌ಗೆ ಬಂತು. ಹಿಂದಿನ ವರ್ಷಕ್ಕಿಂತ ಶೇ. 20ರಷ್ಟು ಕಡಿಮೆ. ಕೇಳಲು ದೊಡ್ಡ ಸುದ್ದಿ. ಆದರೆ ಸೈಕಲ್ ಬ್ಯಾಟರಿ ಎಷ್ಟು ಸಣ್ಣದು ನೋಡಿ. 36 ವೋಲ್ಟ್, 10 ಆಂಪಿಯರ್ ಅವರ್ ಅಂದರೆ 0.36 ಕಿಲೋವ್ಯಾಟ್ ಅವರ್. ಮೇಲಿನ ದರದಲ್ಲಿ ಅದರ ಬೆಲೆ ಮೂರೂವರೆ ಸಾವಿರ ರೂಪಾಯಿ ಆಸುಪಾಸು. ದರ ಇನ್ನೂ ಶೇ. 20 ಇಳಿದರೂ ಉಳಿಯುವುದು 700 ರೂಪಾಯಿ. ಅಂಗಡಿಯಲ್ಲಿ ಬ್ಯಾಟರಿಗೆ ನೀವು ಇದರ ಮೂರು ನಾಲ್ಕು ಪಟ್ಟು ಕೊಡುತ್ತೀರಿ. ಆ ಹೆಚ್ಚುವರಿ ಹಣ ಹೋಗುವುದು ಪೆಟ್ಟಿಗೆ, ಸರ್ಕ್ಯೂಟ್, ಸಾಗಾಟ, ಅಂಗಡಿಯ ಲಾಭಕ್ಕೆ. ಅದು ಅಷ್ಟು ಬೇಗ ಕರಗುವುದಿಲ್ಲ.

ತೆರಿಗೆಯಲ್ಲೂ ಕಾಯುವಂಥದ್ದು ಏನೂ ಉಳಿದಿಲ್ಲ. ಇ-ಸೈಕಲ್‌ಗೆ 2019ರ ಆಗಸ್ಟ್‌ನಿಂದಲೇ ಜಿಎಸ್‌ಟಿ ಶೇ. 5. ಇನ್ನೊಂದು ವಿಷಯ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ ಮಾಮೂಲಿ ಸೈಕಲ್‌ನ ಜಿಎಸ್‌ಟಿಯೂ ಶೇ. 12ರಿಂದ 5ಕ್ಕೆ ಇಳಿದಿದೆ. ಸಮತಟ್ಟು ದಾರಿಯಲ್ಲಿ ಹೋಗಿಬರುವವರಿಗೆ ಗೇರ್ ಇರುವ ಸಾದಾ ಸೈಕಲ್ ಈಗ ಇನ್ನೂ ಅಗ್ಗ. ಕುಂಬಳೆ, ಉಪ್ಪಳದ ಕರಾವಳಿ ಪಟ್ಟಿಯಲ್ಲಿ ಇರುವವರಿಗೆ ನಾನು ಅದನ್ನೇ ಮೊದಲು ಹೇಳುತ್ತೇನೆ.

ನಿಮ್ಮದು ಹಾಗಲ್ಲ. ಸೀತಾಂಗೋಳಿ, ಪೆರ್ಲ, ಮುಳ್ಳೇರಿಯ, ಬಾಯಾರು, ಎಲ್ಲಿ ಹೋದರೂ ಮುರಕಲ್ಲಿನ ಗುಡ್ಡೆ ಹತ್ತಿ ಇಳಿಯಲೇಬೇಕು. ಇಲ್ಲಿ ಕಾನೂನಿನ ಒಂದು ಗೆರೆ ಅರ್ಥ ಮಾಡಿಕೊಳ್ಳಿ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮೋಟಾರ್ ಶಕ್ತಿ 250 ವ್ಯಾಟ್ ಮೀರಬಾರದು. ವೇಗ ಗಂಟೆಗೆ 25 ಕಿ.ಮೀ. ತಲುಪುವಾಗ ಮೋಟಾರ್ ನೆರವು ನಿಲ್ಲಬೇಕು. ಈ ಮಿತಿಯಲ್ಲಿದ್ದರೆ ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಬೇಡ.

250 ವ್ಯಾಟ್ ಚಡಾವಿಗೆ ಸಾಕಾ? ಸವಾರ, ಸೈಕಲ್, ಒಂದು ಚೀಲ ಎಲ್ಲ ಸೇರಿ 90 ಕಿಲೋ ಅಂತ ಇಟ್ಟುಕೊಳ್ಳಿ. ನೂರು ಮೀಟರ್ ಹೋದರೆ ಎಂಟು ಮೀಟರ್ ಏರುವ ಚಡಾವು. ಗಂಟೆಗೆ 10 ಕಿ.ಮೀ. ವೇಗದಲ್ಲಿ ಅದನ್ನು ಹತ್ತಲು ಸುಮಾರು 220 ವ್ಯಾಟ್ ಬೇಕು. ಅಂದರೆ ಮೋಟಾರ್ ಒಂದೇ ಕಷ್ಟಪಟ್ಟು ಹತ್ತಿಸುತ್ತದೆ. 25 ಕಿ.ಮೀ. ವೇಗದಲ್ಲಿ ಹತ್ತಲು 550 ವ್ಯಾಟ್ ಬೇಕು. ಅದು ಆಗದ ಮಾತು. ಆದರೆ ನೀವು ಪೆಡಲ್ ತುಳಿದರೆ ಕಥೆ ಬೇರೆ. ಸಾಧಾರಣ ಆರೋಗ್ಯದವರು ಆಯಾಸ ಇಲ್ಲದೆ 75 ವ್ಯಾಟ್ ಕೊಡುತ್ತಾರೆ. ಮೋಟಾರ್ ಮತ್ತು ಕಾಲು ಎರಡೂ ಸೇರಿದರೆ 14 ಕಿ.ಮೀ. ವೇಗದಲ್ಲಿ ಚಡಾವು ಮುಗಿಯುತ್ತದೆ, ಅಂಗಿ ಒದ್ದೆಯಾಗುವುದಿಲ್ಲ.

ಬ್ಯಾಟರಿ ಇದೆಯಲ್ಲ, ಸುಮ್ನೆ ಕೂತು ಹೋಗೋಣ ಅಂತ ಥ್ರಾಟಲ್ (ಹ್ಯಾಂಡಲಿನ ಎಕ್ಸಿಲೇಟರ್) ತಿರುಗಿಸಿಯೇ ಗುಡ್ಡೆ ಹತ್ತಬೇಡಿ. ಹಿಂದಿನ ಚಕ್ರದಲ್ಲಿರುವ ಹಬ್ ಮೋಟಾರ್ ನಿಧಾನವಾಗಿ ತಿರುಗುವಾಗ ಕರೆಂಟ್ ಎಳೆಯುವುದು ಜಾಸ್ತಿ, ಬಿಸಿಯಾಗುವುದೂ ಜಾಸ್ತಿ. ಮೋಟಾರಿಗೆ ಕರೆಂಟ್ ಬಿಡುವ ಕಂಟ್ರೋಲರ್ ಹಾಳಾಗುವುದು ಹೀಗೆಯೇ. ಪೆಡಲ್ ಜೊತೆ ಮೋಟಾರ್ ನೆರವು ಕೊಡುವ ಸೈಕಲನ್ನು ಯಮಹಾ 1993ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದಾಗಲೇ ಇದ್ದ ಯೋಚನೆ ಇದು. ಕಾಲು ಕೆಲಸ ಮಾಡಬೇಕು, ಮೋಟಾರ್ ಸಹಾಯ ಮಾಡಬೇಕು. ಜರ್ಮನಿಯಲ್ಲಿ 2023ರಲ್ಲಿ ಸುಮಾರು 21 ಲಕ್ಷ ಇ-ಸೈಕಲ್ ಮಾರಾಟವಾಗಿ ಮೊದಲ ಸಲ ಸಾದಾ ಸೈಕಲನ್ನು ಹಿಂದೆ ಹಾಕಿತು. ಅಲ್ಲಿಯೂ ಇದೇ 250 ವ್ಯಾಟ್, 25 ಕಿ.ಮೀ. ಮಿತಿ. ಅಲ್ಲಿನ ಗುಡ್ಡಗಳಲ್ಲಿ ವಯಸ್ಸಾದವರೂ ಇದರಲ್ಲೇ ಓಡಾಡುತ್ತಾರೆ.

ಖರ್ಚಿನ ವಿಷಯಕ್ಕೆ ಬರೋಣ. ಅಂಗಡಿಯವರು ಹೇಳುವುದು ಕರೆಂಟ್ ಖರ್ಚು ಮಾತ್ರ. ಅದು ನಿಜವಾಗಿಯೂ ಕಡಿಮೆ. ಒಂದು ಸಲ ಪೂರ್ತಿ ಚಾರ್ಜ್ ಮಾಡಲು 0.4 ಯೂನಿಟ್ ಬೇಕು. ಯೂನಿಟ್‌ಗೆ ಎಂಟು ರೂಪಾಯಿ ಹಿಡಿದರೂ ಮೂರು ರೂಪಾಯಿ ಚಿಲ್ಲರೆ. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಆದರೆ ಬ್ಯಾಟರಿ ಸವೆಯುತ್ತದಲ್ಲ, ಅದರ ಲೆಕ್ಕ ಯಾರೂ ಹೇಳುವುದಿಲ್ಲ. 500 ಸಲ ಪೂರ್ತಿ ಚಾರ್ಜ್ ಆದ ಮೇಲೆ ಬ್ಯಾಟರಿಯ ಶಕ್ತಿ ಇಳಿಯತೊಡಗುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಚಾರ್ಜಿಗೆ ನಮ್ಮ ದಾರಿಯಲ್ಲಿ 30 ಕಿ.ಮೀ. ಅಂದರೆ 15,000 ಕಿ.ಮೀ. ಹೊಸ ಬ್ಯಾಟರಿಗೆ 12,000 ರೂಪಾಯಿ ಆದರೆ ಕಿಲೋಮೀಟರಿಗೆ 80 ಪೈಸೆ. ಕರೆಂಟಿನದ್ದು ಬರೀ 10 ಪೈಸೆ. ಎರಡೂ ಸೇರಿ 90 ಪೈಸೆ. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರ್‌ಗೆ ಈಗಿನ ದರದಲ್ಲಿ ಎರಡು ರೂಪಾಯಿಗಿಂತ ಜಾಸ್ತಿ. ಆದ್ದರಿಂದ ಉಳಿತಾಯ ಇದೆ. ಆದರೆ ಬ್ಯಾಟರಿ ಮೂರು ನಾಲ್ಕು ವರ್ಷ ಬಾಳಿದರೆ ಮಾತ್ರ. ದಿನಾ ಓಡಿಸದವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಓಡಿಸದಿದ್ದರೂ ಬ್ಯಾಟರಿಗೆ ವಯಸ್ಸಾಗುತ್ತದೆ.

ಈಗ ರಿಪೇರಿ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಟಯರ್, ಬ್ರೇಕ್, ಚೈನ್ ಆದರೆ ಯಾವ ಸೈಕಲ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ. ಮೋಟಾರ್, ಕಂಟ್ರೋಲರ್, ಡಿಸ್‌ಪ್ಲೇ, ಬ್ಯಾಟರಿ ಕೆಟ್ಟರೆ ಆ ಕಂಪೆನಿಯ ಬಿಡಿಭಾಗವೇ ಬೇಕು. ಒಂದರ ಪ್ಲಗ್ ಇನ್ನೊಂದಕ್ಕೆ ಹೊಂದುವುದಿಲ್ಲ. ಮಾರ್ಕೆಟ್ ಬೆಳೆಯಿತು ಅಂತ ಹೇಳುವಾಗ ಈ ಕೊರತೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನಮ್ಮ ಕಡೆಯವರು ಹೆಚ್ಚಾಗಿ ಮಂಗಳೂರಿನಲ್ಲಿ ಕೊಳ್ಳುತ್ತಾರೆ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಮಂಗಳೂರಿನಲ್ಲಿ ಕೊಂಡರೆ ತೊಂದರೆ ಇಲ್ಲ. ನಂಬರ್ ಪ್ಲೇಟೇ ಇಲ್ಲದ ಕಾರಣ ತಲಪಾಡಿ ದಾಟಿಸಲು ಕೆಎಲ್, ಕೆಎ ಅನ್ನುವ ರಗಳೆಯೂ ಇಲ್ಲ. ಆನ್‌ಲೈನ್ ವಿಷಯದಲ್ಲಿ ಮಾತ್ರ ಎಚ್ಚರ. ಲಿಥಿಯಂ ಬ್ಯಾಟರಿ ಅಪಾಯಕಾರಿ ಸರಕು ಅಂತ ಲೆಕ್ಕ. ಅದನ್ನು ವಾಪಸ್ ಕಳಿಸಲು ಹೋದರೆ ಕೊರಿಯರ್‌ನವರು ಸುಲಭದಲ್ಲಿ ತೆಗೆದುಕೊಳ್ಳುವುದಿಲ್ಲ. ವಾರಂಟಿ ಕಾರ್ಡ್ ಕೈಯಲ್ಲಿದ್ದರೂ ಬ್ಯಾಟರಿ ಮನೆಯ ಮೂಲೆಯಲ್ಲೇ ಉಳಿಯುತ್ತದೆ. ಕೊಳ್ಳುವ ಮೊದಲು ಅಂಗಡಿಯವರ ಹತ್ತಿರ ನೇರವಾಗಿ ಕೇಳಿ: ಕಂಟ್ರೋಲರ್ ಕೆಟ್ಟರೆ ಇಲ್ಲೇ ಬದಲಿಸುತ್ತೀರಾ, ಎಷ್ಟು ದಿನ ಬೇಕು, ಬ್ಯಾಟರಿಗೆ ಈಗಿನ ಬೆಲೆ ಎಷ್ಟು? ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಮಳೆಗಾಲದ ಬಗ್ಗೆಯೂ ಹೇಳಲೇಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಯಾವುದಾದರೂ ಭಾಗಕ್ಕೆ ಐಪಿ67 ಅಂತ ನೀರು ತಡೆಯುವ ಗುರುತು ಬರೆದಿದ್ದರೆ ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಅರ್ಥ. ಐಪಿಎಕ್ಸ್4 ಅಂದರೆ ಎರಚಿದ ನೀರು ಮಾತ್ರ. ಕೆಲವು ಸೈಕಲ್‌ಗಳಲ್ಲಿ ಬ್ಯಾಟರಿಗೆ ಒಂದು, ಡಿಸ್‌ಪ್ಲೇಗೆ ಇನ್ನೊಂದು ಇರುತ್ತದೆ. ಬೇರೆ ಬೇರೆಯಾಗಿ ಕೇಳಿ. ಒದ್ದೆಯಾಗಿ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ತೆಗೆದು ಒರೆಸಿ ಒಣಗಲು ಬಿಡಿ. ತೆಗೆಯಲು ಬರುವ ಬ್ಯಾಟರಿಯೇ ಇರಲಿ.

ಇನ್ನು ಮಗನ ವಿಷಯ. ಮಿತಿಯೊಳಗಿನ ಇ-ಸೈಕಲನ್ನು ಅವನು ಓಡಿಸಬಹುದು, ಕಾನೂನಿನ ಅಡ್ಡಿ ಇಲ್ಲ. ಆದರೆ ಕೆಲವರು ವೇಗದ ಮಿತಿ ತೆಗೆದುಕೊಡುತ್ತೇವೆ, 40ರಲ್ಲಿ ಹೋಗುತ್ತದೆ ಅಂತ ಆಸೆ ತೋರಿಸುತ್ತಾರೆ. ಕೆಲವರು 350, 500 ವ್ಯಾಟಿನ ಮೋಟಾರನ್ನೇ 'ಲೈಸೆನ್ಸ್ ಬೇಡ' ಅಂತ ಮಾರುತ್ತಾರೆ. ದಯವಿಟ್ಟು ಅದಕ್ಕೆ ಬಲಿಯಾಗಬೇಡಿ. ಮಿತಿ ದಾಟಿದ ಕ್ಷಣ ಅದು ನೋಂದಣಿ ಇಲ್ಲದ ಮೋಟಾರು ವಾಹನ. 18 ತುಂಬದ ಹುಡುಗ ಅದನ್ನು ಓಡಿಸಿದರೆ 2019ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸೂ ಸಿಗುವುದಿಲ್ಲ. ಅಪಘಾತವಾದರೆ ವಿಮೆಯೂ ಇಲ್ಲ. ಕೇರಳದ ಮೋಟಾರು ವಾಹನ ಇಲಾಖೆ 2023ರಲ್ಲಿ ಹೀಗೆ ತಿದ್ದಿದ ಸ್ಕೂಟರ್‌ಗಳಿಗಾಗಿ ಶೋರೂಂಗಳನ್ನೇ ತಪಾಸಣೆ ಮಾಡಿತ್ತು. ವಾಹನ ಪರೀಕ್ಷೆ ಮಾಡುವ ಸಂಸ್ಥೆಗಳಾದ ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್ ಕೊಟ್ಟ ಪ್ರಮಾಣಪತ್ರದ ಪ್ರತಿ ಕೇಳಿ ಪಡೆಯಿರಿ. ಫೋನಿನಲ್ಲಿ ಒಂದು ಫೋಟೋ ಇಟ್ಟುಕೊಂಡರೆ ದಾರಿಯಲ್ಲಿ ನಿಲ್ಲಿಸಿದಾಗ ತೋರಿಸಲು ಆಗುತ್ತದೆ. ಹೆಲ್ಮೆಟ್ ಕಡ್ಡಾಯ ಅಲ್ಲದಿದ್ದರೂ ಮಗನಿಗೂ ನಿಮಗೂ ಇರಲಿ. ಹೆದ್ದಾರಿ 66ಕ್ಕೆ ಇಳಿಯುವಾಗ ಸರ್ವಿಸ್ ರೋಡ್ ಬಿಟ್ಟು ಮುಖ್ಯ ಮಾರ್ಗಕ್ಕೆ ಹೋಗಬಾರದು ಅಂತ ಅವನಿಗೆ ಈಗಲೇ ಹೇಳಿಡಿ. ಅಲ್ಲಿನ ಲಾರಿಗಳ ಎದುರು 25 ಕಿ.ಮೀ. ವೇಗ ಏನೂ ಅಲ್ಲ.

ನಿಮ್ಮದು ಹೋಗಿಬರಲು 12 ಕಿಲೋಮೀಟರ್. 10 ಆಂಪಿಯರ್ ಅವರ್ ಬ್ಯಾಟರಿಗೆ ಅರ್ಧ ಚಾರ್ಜಿನ ಕೆಲಸ. ಸೈಕಲ್ ನಿಮಗೆ ಹೊಂದುತ್ತದೆ. ಪೇಟೆಯಲ್ಲೋ ಕಾಸರಗೋಡಿನಲ್ಲೋ ಸರ್ವಿಸ್ ಮಾಡುವ ಅಂಗಡಿ ಇರುವ ಕಂಪೆನಿಯದ್ದನ್ನು ಆರಿಸಿ, 30ರಿಂದ 40 ಸಾವಿರದ ಒಳಗೆ ಸಿಗುತ್ತದೆ. ಅಂಗಡಿಯ ಎದುರಿನ ಸಮತಟ್ಟು ಮಾರ್ಗದಲ್ಲಿ ಒಂದು ಸುತ್ತು ಹೊಡೆದು ತೃಪ್ತಿಪಡಬೇಡಿ. ದಿನಾ ಒಯ್ಯುವ ಚೀಲ ಕಟ್ಟಿಕೊಳ್ಳಿ. ಬ್ಯಾಟರಿ ಅರ್ಧ ಇಳಿದಿರುವಾಗ ಒಂದು ಚಡಾವು ಹತ್ತಿಸಿ ನೋಡಲು ಕೊಡಿ ಅಂತ ಕೇಳಿ. ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ.